ಇಪ್ಪತ್ತೈದು ತುಂಬಿದ ಮೇಲೆ ಬಾ ಎಂದ ಕಾನೂನು

1999ರ ಜನವರಿಯಲ್ಲಿ ಜಪಾನಿನ ನಿಸ್ಸಾನ್ ಕಂಪನಿ ತನ್ನ ಸ್ಕೈಲೈನ್ ಜಿಟಿ-ಆರ್ ಎಂಬ ಸ್ಪೋರ್ಟ್ಸ್ ಕಾರಿನ ಹೊಸ ಮಾದರಿಯೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಆರ್34 ಎಂಬುದು ಅದರ ಸಂಕೇತನಾಮ. ಅಮೆರಿಕದ ಹುಡುಗರು ಅದನ್ನು ವಿಡಿಯೊ ಆಟದಲ್ಲಿ ಓಡಿಸಿದರು, ಸಿನಿಮಾದಲ್ಲಿ ಕಣ್ತುಂಬ ನೋಡಿದರು, ಅದರ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡರು. ಕೈಯಲ್ಲಿ ಹಣವಿದ್ದವರೂ ಅದನ್ನು ಕೊಂಡು ತರುವಂತಿರಲಿಲ್ಲ. ಸಾಮಾನ್ಯ ನಿಯಮದಂತೆ ಆ ಕಾರಿಗೆ ಅಮೆರಿಕದ ಬಾಗಿಲು ತೆರೆದದ್ದು 2024ರ ಜನವರಿಯಲ್ಲಿ, ಅಂದರೆ ಮೊದಲ ಕಾರು ತಯಾರಾಗಿ 25 ವರ್ಷ ತುಂಬಿದಾಗ. ಗೋಡೆಗೆ ಚಿತ್ರ ಅಂಟಿಸಿಕೊಂಡಿದ್ದ ಹುಡುಗರಿಗೆ ಅಷ್ಟು ಹೊತ್ತಿಗೆ ನಲವತ್ತರ ಆಸುಪಾಸು.

ಈ 25 ವರ್ಷಗಳಲ್ಲಿ ಕಾರು ಮೊದಲಿಗಿಂತ ಸುರಕ್ಷಿತವಾಗಿರಲಿಲ್ಲ. ಅದು ಉಗುಳುವ ಹೊಗೆ ಕಡಿಮೆಯಾಗಿರಲಿಲ್ಲ. ರಬ್ಬರು ಒಣಗಿ, ಅಲ್ಲಲ್ಲಿ ತುಕ್ಕು ಕಾಣಿಸಿಕೊಂಡು ಇನ್ನಷ್ಟು ಹಳತಾಗಿತ್ತು, ಅಷ್ಟೆ. ಹೊಸದಾಗಿದ್ದಾಗ ಅಪಾಯಕಾರಿ ಎನಿಸಿದ ಕಾರು ಮುದಿಯಾದ ಮೇಲೆ ನಿರಪಾಯಕಾರಿ ಎನಿಸುವುದು ಹೇಗೆ? ಎಂಜಿನಿಯರುಗಳನ್ನು ಕೇಳಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಜರ್ಮನಿಯ ಮಾರ್ಕಿನ ಏರಿಳಿತ, ಕಾರು ಡೀಲರುಗಳ ಲಾಭನಷ್ಟ, 1988ರಲ್ಲಿ ಅಮೆರಿಕದ ಕಾಂಗ್ರೆಸ್ಸು ಮಾಡಿದ ಒಂದು ಕಾಯ್ದೆ, ಈ ಮೂರನ್ನೂ ಸೇರಿಸಿ ನೋಡಬೇಕಾಗುತ್ತದೆ.

ಸುರಕ್ಷತೆಯಿಂದ ಶುರು

1960ರ ದಶಕದ ನಡುವಿನವರೆಗೂ ಅಮೆರಿಕಕ್ಕೆ ಪರದೇಶದ ಕಾರು ತರುವುದೆಂದರೆ ಹೆಚ್ಚುಕಡಿಮೆ ಸುಂಕ ಕಟ್ಟಿ ಬಿಡಿಸಿಕೊಳ್ಳುವ ಕೆಲಸವಷ್ಟೇ ಆಗಿತ್ತು. ಎರಡನೇ ಮಹಾಯುದ್ಧ ಮುಗಿಸಿ ಊರಿಗೆ ಮರಳಿದ ಅಮೆರಿಕನ್ ಸೈನಿಕರಲ್ಲಿ ಕೆಲವರು ಬ್ರಿಟನ್ನಿನ ಪುಟ್ಟ ಎಂ.ಜಿ. ಕಾರುಗಳನ್ನು ಜೊತೆಗೆ ತಂದರು. ಆ ದೇಶದಲ್ಲಿ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಹುಚ್ಚು ಹಬ್ಬುವುದಕ್ಕೆ ಅದೂ ಒಂದು ಕಾರಣ.

1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲ ಬರೆದ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕ ಹೊರಬಂತು. ಕಾರು ಕಂಪನಿಗಳು ಅಂದಚೆಂದಕ್ಕೆ ಕೊಡುವ ಗಮನವನ್ನು ಪ್ರಯಾಣಿಕರ ಜೀವಕ್ಕೆ ಕೊಡುತ್ತಿಲ್ಲ ಎಂಬ ಅವರ ಆರೋಪ ದೇಶವನ್ನೇ ಅಲುಗಾಡಿಸಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತೆಯ ಕಾಯ್ದೆಗೆ ಸಹಿ ಹಾಕಿದರು. 1968ರ ಜನವರಿ 1ರಿಂದ ಅಮೆರಿಕದಲ್ಲಿ ಮಾರಾಟವಾಗುವ ಪ್ರತಿಯೊಂದು ಹೊಸ ಕಾರೂ ಕೇಂದ್ರ ಸರ್ಕಾರದ ಸುರಕ್ಷತಾ ಮಾನದಂಡಗಳಿಗೆ ಒಳಪಡಬೇಕಾಯಿತು. 1970ರಲ್ಲಿ ವಾಯುಮಾಲಿನ್ಯದ ಕಟ್ಟುನಿಟ್ಟಿನ ಕಾಯ್ದೆಯೂ ಬಂತು.

ಈ ಕಾನೂನುಗಳಿಂದ ಉಳಿದ ಜೀವಗಳು ಅಸಂಖ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳಿಂದ ಇನ್ನೊಂದು ಪರಿಣಾಮವೂ ಆಯಿತು. ಅಮೆರಿಕಕ್ಕೊಂದು ಕಾರು, ಉಳಿದ ಜಗತ್ತಿಗೊಂದು ಕಾರು ಎಂಬ ಭೇದ ಹುಟ್ಟಿಕೊಂಡಿತು. ಯುರೋಪಿನ ಕಂಪನಿಗಳು ಅಮೆರಿಕಕ್ಕೆ ಕಳಿಸುವ ಕಾರುಗಳಿಗೆ ದಪ್ಪನೆಯ ಬಂಪರ್ ಕಟ್ಟಿ, ಎಂಜಿನ್ನಿನ ಉಸಿರು ಬಿಗಿಹಿಡಿದು, ಶಕ್ತಿ ಕುಗ್ಗಿಸಿ ಹಡಗು ಹತ್ತಿಸಿದವು. ತಮ್ಮ ಅತಿ ವೇಗದ ಕಾರುಗಳನ್ನು ಅತ್ತ ಕಳಿಸುವ ಗೋಜಿಗೇ ಹೋಗಲಿಲ್ಲ. 1980ರ ದಶಕದ ಆರಂಭದಲ್ಲಿ ಯುರೋಪಿನಲ್ಲಿ ಮರ್ಸಿಡಿಸ್ 500 ಎಸ್‌ಎಲ್ ಎಂಬ ತೆರೆದ ಕಾರು ಸಿಗುತ್ತಿತ್ತು. ಅಮೆರಿಕದ ಷೋರೂಮಿನಲ್ಲಿ ಅದೇ ರೂಪದ 380 ಎಸ್‌ಎಲ್ ಮಾತ್ರ. ಅದರ ಎಂಜಿನ್ನಿನ ಶಕ್ತಿ 155 ಅಶ್ವಶಕ್ತಿ. ಯುರೋಪಿನ 500ರದು 230ಕ್ಕೂ ಮೇಲೆ. ಬಿಎಂಡಬ್ಲ್ಯು ಸುಮಾರು 450ರಷ್ಟೇ ತಯಾರಿಸಿದ ಎಂ1 ಎಂಬ ಅಪರೂಪದ ಸ್ಪೋರ್ಟ್ಸ್ ಕಾರನ್ನು ಅಮೆರಿಕದಲ್ಲಿ ಮಾರಲೇ ಇಲ್ಲ. ಫೆರಾರಿಯ 512 ಬಿಬಿ ಕಥೆಯೂ ಅದೇ.

ಹಣವಂತರಿಗೆ ಇದು ಅವಮಾನದಂತೆ ಕಂಡಿತು. ಒಳ್ಳೆಯ ಹಣ್ಣನ್ನು ಮನೆಯಲ್ಲೇ ಉಳಿಸಿಕೊಂಡು ಸಪ್ಪೆ ಹಣ್ಣನ್ನು ಸಂತೆಗೆ ತಂದ ಹಾಗೆ.

ಮಾರ್ಕು ಅಗ್ಗವಾದಾಗ

ಕಾನೂನಿನಲ್ಲೊಂದು ಸಂದಿ ಇತ್ತು. ಯಾರು ಬೇಕಾದರೂ ಯುರೋಪಿನಲ್ಲಿ ಕಾರು ಕೊಂಡು, ಬಂದರಿನಲ್ಲಿ ಜಾಮೀನು ಬಾಂಡ್ ಬರೆದುಕೊಟ್ಟು, ನಿಗದಿತ ಅವಧಿಯೊಳಗೆ ಅದನ್ನು ಅಮೆರಿಕದ ಮಾನದಂಡಕ್ಕೆ ಹೊಂದುವಂತೆ ಮಾರ್ಪಡಿಸಿದರೆ ಇಟ್ಟುಕೊಳ್ಳಬಹುದಿತ್ತು. ಕಳ್ಳಸಾಗಣೆಯಲ್ಲ; ಕಂಪನಿಯ ಅಧಿಕೃತ ದಾರಿಯೂ ಅಲ್ಲ. ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ಈ ವ್ಯಾಪಾರಕ್ಕೆ 'ಬೂದು ಮಾರುಕಟ್ಟೆ' ಎಂದು ಹೆಸರು ಬಿತ್ತು.

ಸಂದಿಯನ್ನು ಹೆಬ್ಬಾಗಿಲಾಗಿಸಿದ್ದು ಡಾಲರಿನ ಬೆಲೆ. 1980ರಲ್ಲಿ ಒಂದು ಡಾಲರಿಗೆ ಸುಮಾರು 1.8 ಮಾರ್ಕು ಸಿಗುತ್ತಿತ್ತು. 1985ರ ಫೆಬ್ರವರಿ ಹೊತ್ತಿಗೆ ಸುಮಾರು 3.4 ಮಾರ್ಕು. ಒಂದು ಲಕ್ಷ ಮಾರ್ಕಿನ ಕಾರೊಂದಿದೆ ಎಂದಿಟ್ಟುಕೊಂಡರೆ, 1980ರಲ್ಲಿ ಅದಕ್ಕೆ ಸುಮಾರು 55 ಸಾವಿರ ಡಾಲರ್ ತೆರಬೇಕಿತ್ತು. ಐದೇ ವರ್ಷದಲ್ಲಿ 30 ಸಾವಿರದೊಳಗೆ ಬಂತು. ಆದರೆ ಅಮೆರಿಕದ ಡೀಲರುಗಳು ತಮ್ಮ ಬೆಲೆಯನ್ನು ಆ ಪ್ರಮಾಣದಲ್ಲಿ ಇಳಿಸಲಿಲ್ಲ. ವಿಮಾನದ ಟಿಕೆಟ್ಟು, ಹಡಗಿನ ಬಾಡಿಗೆ, ಮಾರ್ಪಾಡಿನ ಖರ್ಚು ಎಲ್ಲ ಸೇರಿಸಿದರೂ ಮ್ಯೂನಿಕ್ಕಿನಲ್ಲೋ ಸ್ಟಟ್‌ಗಾರ್ಟಿನಲ್ಲೋ ಕೊಂಡ ಕಾರು ಲಾಭಕರವಾಗಿತ್ತು. 1985ರಲ್ಲಿ ಹೀಗೆ ಬಂದ ಕಾರುಗಳ ಸಂಖ್ಯೆ 60 ಸಾವಿರವನ್ನು ದಾಟಿತು.

ಮಾರ್ಪಾಡು ಎಂಬ ಈ ಕೆಲಸವೇ ಒಂದು ಉದ್ಯಮವಾಯಿತು. ಬಾಗಿಲುಗಳೊಳಗೆ ಉಕ್ಕಿನ ಪಟ್ಟಿ ಸೇರಿಸಬೇಕು. ಯುರೋಪಿನ ಹೆಡ್‌ಲೈಟು ಕಿತ್ತು ಅಮೆರಿಕದ ನಿಯಮಕ್ಕೊಪ್ಪುವ ದೀಪ ಕೂರಿಸಬೇಕು. ಮಗ್ಗುಲಲ್ಲಿ ಸಣ್ಣ ದೀಪಗಳು, ಸೀಟ್ ಬೆಲ್ಟ್ ಹಾಕದಿದ್ದರೆ ಗುಂಯ್‌ಗುಡುವ ಗಂಟೆ, ಮೈಲಿ ತೋರಿಸುವ ವೇಗಮಾಪಕ, ಹೊಗೆ ತಗ್ಗಿಸಲು ಕ್ಯಾಟಲಿಟಿಕ್ ಕನ್ವರ್ಟರ್. ಬಲ್ಲವರು ಮಾಡಿದರೆ ಚೊಕ್ಕ ಕೆಲಸ. ಆದರೆ ಎಲ್ಲರೂ ಬಲ್ಲವರಾಗಿರಲಿಲ್ಲ. ಕಾಗದದಲ್ಲಿ ಮಾತ್ರ ಮಾರ್ಪಾಡಾದ ಕಾರುಗಳೂ ರಸ್ತೆಗೆ ಬಂದವು. ಬಾಗಿಲಿನೊಳಗೆ ಪಟ್ಟಿ ಇದೆಯೋ ಇಲ್ಲವೋ ಎಂದು ಕೊಂಡವನು ಬಾಗಿಲು ಸೀಳಿ ನೋಡುತ್ತಾನೆಯೇ?

ಡೀಲರುಗಳ ಸಂಕಟವನ್ನೂ ಊಹಿಸಬಹುದು. ಕೋಟ್ಯಂತರ ಹಣ ಸುರಿದು ಷೋರೂಮು ಕಟ್ಟಿಸಿಕೊಂಡವರ ಕಣ್ಣೆದುರೇ ಅದೇ ಕಾರು, ಇನ್ನೂ ಬಲವಾದ ಎಂಜಿನ್ನಿನೊಂದಿಗೆ, ಕಡಿಮೆ ಬೆಲೆಗೆ ಪಕ್ಕದ ಗ್ಯಾರೇಜಿನಲ್ಲಿ ಮಾರಾಟವಾಗುತ್ತಿತ್ತು. ಕೆಟ್ಟರೆ ರಿಪೇರಿಗೆ ಮಾತ್ರ ತಮ್ಮ ಬಾಗಿಲಿಗೆ ಬರುತ್ತಿತ್ತು. ಮರ್ಸಿಡಿಸ್-ಬೆಂಜ್‌ನ ಅಮೆರಿಕ ಶಾಖೆ ಮುಂದೆ ನಿಂತು ಈ ವ್ಯಾಪಾರವನ್ನು ನಿಲ್ಲಿಸಬೇಕೆಂದು ವಾಷಿಂಗ್ಟನ್ನಿನಲ್ಲಿ ಒತ್ತಡ ತಂದಿತು. ವಾದ ಸುರಕ್ಷತೆಯದ್ದು. ಅದರಲ್ಲಿ ನಿಜಾಂಶವೂ ಇತ್ತು. ಆದರೆ ಬೂದು ಮಾರುಕಟ್ಟೆಯ ಬಿಸಿ ತಾಗಿದ ಮೇಲೆ ಕಂಪನಿ ಇನ್ನೊಂದು ಕೆಲಸವನ್ನೂ ಮಾಡಿತು: 560 ಎಸ್‌ಎಲ್ ಎಂಬ ಹೆಚ್ಚು ಶಕ್ತಿಯ ಕಾರನ್ನು 1986ರ ಮಾದರಿಯಾಗಿ ಅಮೆರಿಕಕ್ಕೆ ತಾನೇ ತಂದಿತು. ಗಿರಾಕಿಗಳು ಐದು ವರ್ಷದಿಂದ ಕೇಳುತ್ತಿದ್ದದ್ದು ಅದನ್ನೇ.

ಪ್ರವಾಹ ಇಳಿದ ಮೇಲೆ ಕಟ್ಟಿದ ಕಟ್ಟೆ

ಸ್ವಾರಸ್ಯವೆಂದರೆ, ಕಾನೂನು ಬರುವ ಮೊದಲೇ ಬೂದು ಮಾರುಕಟ್ಟೆ ಬತ್ತತೊಡಗಿತ್ತು. 1985ರ ಸೆಪ್ಟೆಂಬರ್ 22ರಂದು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ಶ್ರೀಮಂತ ದೇಶಗಳು ಡಾಲರಿನ ಬೆಲೆ ಇಳಿಸಲು ಒಪ್ಪಂದ ಮಾಡಿಕೊಂಡವು. 1987ರ ಕೊನೆಗೆ ಒಂದು ಡಾಲರಿಗೆ 1.6 ಮಾರ್ಕು ಮಾತ್ರ. ಯುರೋಪಿನಲ್ಲಿ ಕೊಂಡು ತರುವುದರಲ್ಲಿ ಹೇಳಿಕೊಳ್ಳುವಂಥ ಲಾಭ ಉಳಿಯಲಿಲ್ಲ. ಹೀಗೆ ಪ್ರವಾಹ ಇಳಿದ ಮೇಲೆ, 1988ರ ಅಕ್ಟೋಬರ್ 31ರಂದು, ಅಧ್ಯಕ್ಷ ರೊನಾಲ್ಡ್ ರೇಗನ್ ಆಮದು ವಾಹನಗಳ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದರು. 1990ರಲ್ಲಿ ಅದು ಜಾರಿಗೆ ಬಂತು.

ಇನ್ನು ಮುಂದೆ ಸಾಮಾನ್ಯ ಗಿರಾಕಿ ತಾನೇ ಕಾರು ತಂದು ತಾನೇ ಮಾರ್ಪಡಿಸುವಂತಿಲ್ಲ. ಸರ್ಕಾರದಲ್ಲಿ ನೋಂದಾಯಿಸಿಕೊಂಡ ಆಮದುದಾರನೇ ತರಬೇಕು ಮತ್ತು ಕಾರಿನ ಬೆಲೆಯ ಒಂದೂವರೆಪಟ್ಟು ಮೊತ್ತಕ್ಕೆ ಬಾಂಡ್ ಕೊಡಬೇಕು. ಎಲ್ಲಕ್ಕಿಂತ ಬಿಗಿಯಾದ ಷರತ್ತು ಇನ್ನೊಂದು: ಆ ಕಾರಿಗೆ 'ಬಹುಮಟ್ಟಿಗೆ ಸಮಾನವಾದ' ಕಾರೊಂದು ಅಮೆರಿಕದಲ್ಲಿ ಈಗಾಗಲೇ ಅಧಿಕೃತವಾಗಿ ಮಾರಾಟವಾಗಿರಬೇಕು. ಇಲ್ಲದಿದ್ದರೆ ಡಿಕ್ಕಿ ಪರೀಕ್ಷೆ ಮೊದಲಾದ ಸಾಕ್ಷ್ಯ ಒದಗಿಸಿ, ಮಾನದಂಡಕ್ಕೆ ಅದನ್ನು ಹೊಂದಿಸಬಹುದೆಂದು ಸಾಧಿಸಿ ತೋರಿಸಬೇಕು. ಪರೀಕ್ಷೆಯೆಂದರೆ ಕೊಂಡ ಕಾರುಗಳನ್ನೇ ಗೋಡೆಗೆ ಗುದ್ದಿಸಿ ಪುಡಿಮಾಡುವುದು. ಒಂದು ಕಾರಿನ ಆಸೆಗಾಗಿ ಮೂರು ನಾಲ್ಕು ಕಾರು ಬಲಿಕೊಡುವವರು ಯಾರು?

ಇಷ್ಟೆಲ್ಲ ಬಿಗಿ ಮಾಡಿದ ಕಾಯ್ದೆ ಒಂದು ಕಡೆ ಸಡಿಲ ಬಿಟ್ಟಿತು. 25 ವರ್ಷ ತುಂಬಿದ ಕಾರಿಗೆ ಈ ಯಾವ ಸುರಕ್ಷತಾ ನಿಯಮವೂ ಇಲ್ಲ. ಹಳೆಯ ಕಾರುಗಳನ್ನು ಕೂಡಿಡುವ ಹವ್ಯಾಸಿಗಳಿಗೆ ತೊಂದರೆಯಾಗದಿರಲಿ ಎಂಬುದು ಇದರ ಹಿಂದಿನ ಎಣಿಕೆ. 1988ರಲ್ಲಿ 25 ವರ್ಷ ಹಿಂದಿನದೆಂದರೆ 1963ರ ಕಾರು, ಅಂದರೆ ಸುರಕ್ಷತಾ ಮಾನದಂಡಗಳೇ ಇಲ್ಲದ ಕಾಲದ್ದು. ಅಂಥದ್ದನ್ನು ಯಾರೋ ಒಬ್ಬಿಬ್ಬರು ತಂದು ಭಾನುವಾರ ಓಡಿಸಿದರೆ ಡೀಲರಿಗೂ ನಷ್ಟವಿಲ್ಲ. 25 ಎಂಬ ಅಂಕಿ ಕಾರಿನ ಗುಣವನ್ನು ಅಳೆಯುವುದಿಲ್ಲ. ಹೊಸ ಕಾರಿನ ವ್ಯಾಪಾರಕ್ಕೆ ಧಕ್ಕೆ ತಾರದಷ್ಟು ಹಳತಾಗಿದೆ ಎಂಬುದನ್ನಷ್ಟೇ ಅದು ಖಾತ್ರಿಪಡಿಸುತ್ತದೆ.

ಇದೇ ಉದ್ದೇಶಕ್ಕೆ ಭಾರತ ಹಿಡಿದ ದಾರಿ ತದ್ವಿರುದ್ಧ. 2001ರಲ್ಲಿ ಆಮದು ನಿರ್ಬಂಧಗಳನ್ನು ತೆಗೆದಾಗ ನಮ್ಮ ಸರ್ಕಾರ ಬಳಸಿದ ಕಾರಿಗೂ ಬಾಗಿಲು ತೆರೆಯಿತು. ಆದರೆ ಕಾರು ಮೂರು ವರ್ಷಕ್ಕಿಂತ ಹಳತಾಗಿರಬಾರದು, ಸ್ಟೀರಿಂಗ್ ಬಲಗಡೆಯೇ ಇರಬೇಕು, ಮುಂಬಯಿ ಬಂದರಿನ ಮೂಲಕವೇ ಬರಬೇಕು ಎಂಬ ಷರತ್ತು ಹಾಕಿತು. ಮೇಲೆ ನೂರಕ್ಕೆ ನೂರನ್ನೂ ಮೀರಿದ ಸುಂಕ. ಮಂಗಳೂರು ಬಂದರು ಹತ್ತಿರವಿದೆ ಎಂದು ಕರ್ನಾಟಕದವರು ಅಲ್ಲಿ ಇಳಿಸಿಕೊಳ್ಳುವಂತಿರಲಿಲ್ಲ. ಒಂದು ದೇಶ ಎಳೆಯ ಕಾರು ಬೇಡವೆಂದಿತು, ಇನ್ನೊಂದು ದೇಶ ಮುದಿ ಕಾರು ಬೇಡವೆಂದಿತು. ಎರಡೂ ಕಡೆ ಕಾಪಾಡಿಕೊಂಡದ್ದು ಸ್ಥಳೀಯ ವ್ಯಾಪಾರವನ್ನೇ.

ಗೋದಾಮಿನಲ್ಲಿ ಕೂತ ಪೋರ್ಷೆ

ಹೊಸ ಕಾಯ್ದೆಯ ಬಿಸಿ ಯಾರಿಗೆ ತಟ್ಟಿತು ಎಂಬುದಕ್ಕೆ ಪ್ರಸಿದ್ಧ ಉದಾಹರಣೆ ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್. 1980ರ ದಶಕದ ಕೊನೆಯಲ್ಲಿ ಅವರು ಪೋರ್ಷೆ 959 ಎಂಬ ಕಾರು ಕೊಂಡರು. ಆ ಕಾಲಕ್ಕೆ ಅದೊಂದು ಅದ್ಭುತ: ನಾಲ್ಕೂ ಚಕ್ರಗಳಿಗೆ ಶಕ್ತಿ, ಜೋಡಿ ಟರ್ಬೊ, ಗಂಟೆಗೆ 315 ಕಿಲೋಮೀಟರಿಗೂ ಮೀರಿದ ವೇಗ. ಜರ್ಮನಿಯಲ್ಲಿ ಅದರ ಬೆಲೆ 4 ಲಕ್ಷ 20 ಸಾವಿರ ಮಾರ್ಕು. ತಯಾರಾದದ್ದು ಮುನ್ನೂರು ಚಿಲ್ಲರೆ. ಅಮೆರಿಕದಲ್ಲಿ ಮಾರಾಟವೇ ಆಗದ ಕಾರಾದ್ದರಿಂದ 'ಸಮಾನವಾದ' ಕಾರು ಇರಲಿಲ್ಲ. ಡಿಕ್ಕಿ ಪರೀಕ್ಷೆಗೆ ಕಾರುಗಳನ್ನು ಒಪ್ಪಿಸಲು ಪೋರ್ಷೆ ಮನಸ್ಸು ಮಾಡಲಿಲ್ಲ. ಜಗತ್ತಿನ ಅತಿ ಶ್ರೀಮಂತರಲ್ಲೊಬ್ಬರ ಕಾರು ಅಮೆರಿಕದ ಬಂದರಿನಲ್ಲಿ, ಕಸ್ಟಮ್ಸ್ ಸುಪರ್ದಿನಲ್ಲಿ, ಒಂದು ದಶಕಕ್ಕೂ ಹೆಚ್ಚು ಕಾಲ ನಿಂತಿತು.

ಬೇರೆಯವರಾಗಿದ್ದರೆ ಕಾರು ಮಾರಿ ಕೈತೊಳೆದುಕೊಳ್ಳುತ್ತಿದ್ದರು. 959ರ ಮಾಲೀಕರು ವಕೀಲರನ್ನು ಹಿಡಿದು ಕಾನೂನನ್ನೇ ತಿದ್ದಿಸಿದರು. 1998ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಬೃಹತ್ ಸಾರಿಗೆ ಮಸೂದೆಯೊಂದರ ಮಡಿಲಲ್ಲಿ ಈ ಸಣ್ಣ ತಿದ್ದುಪಡಿಯೂ ಕೂತು ಬಂತು. ಇತಿಹಾಸದ ಅಥವಾ ತಂತ್ರಜ್ಞಾನದ ದೃಷ್ಟಿಯಿಂದ ಮಹತ್ವದ ಕಾರನ್ನು 'ಪ್ರದರ್ಶನಕ್ಕಾಗಿ' ತರಬಹುದು. ವರ್ಷಕ್ಕೆ 2,500 ಮೈಲಿ, ಅಂದರೆ ಸುಮಾರು ನಾಲ್ಕು ಸಾವಿರ ಕಿಲೋಮೀಟರಿನೊಳಗೆ ರಸ್ತೆಯಲ್ಲೂ ಓಡಿಸಬಹುದು. ಸಾಮಾನ್ಯವಾಗಿ 500ಕ್ಕಿಂತ ಹೆಚ್ಚು ತಯಾರಾಗಿರಬಾರದು ಎಂಬ ಷರತ್ತು ಬೇರೆ. ಸಾವಿರಗಟ್ಟಲೆ ತಯಾರಾದ ಕಾರಿನ ಮೇಲೆ ಮನಸ್ಸಿಟ್ಟ ಸಂಬಳದಾರನಿಗೆ ಈ ಕಿಟಕಿಯಿಂದ ಪ್ರಯೋಜನವಾಗಲಿಲ್ಲ. ಅವನು ಕಾಯಬೇಕಾಯಿತು.

ಜಪಾನಿನ ಹರಾಜು ಕಟ್ಟೆ

ಅಷ್ಟರಲ್ಲಿ ಕಾರುಪ್ರಿಯರ ಕಣ್ಣು ಯುರೋಪಿನಿಂದ ಜಪಾನಿನ ಕಡೆ ಹೊರಳಿತ್ತು. 1989 ಜಪಾನಿನ ಕಾರು ಉದ್ಯಮಕ್ಕೆ ಸುಗ್ಗಿಯ ವರ್ಷ. ಷೇರುಪೇಟೆ ಶಿಖರದಲ್ಲಿತ್ತು; ಕಂಪನಿಗಳು ಖರ್ಚಿಗೆ ಹಿಂದೆಮುಂದೆ ನೋಡುತ್ತಿರಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್32 ಮಾದರಿ ಮಾರಾಟಕ್ಕೆ ಬಂತು. 2.6 ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೊ, ಅಗತ್ಯ ಬಿದ್ದಾಗ ಮುಂದಿನ ಚಕ್ರಗಳಿಗೂ ಶಕ್ತಿ ಹಂಚುವ ಗಣಕ ನಿಯಂತ್ರಿತ ವ್ಯವಸ್ಥೆ. ಜಪಾನಿನ ಟೂರಿಂಗ್ ಕಾರ್ ಪಂದ್ಯಾವಳಿಯಲ್ಲಿ 1990ರಿಂದ 1993ರವರೆಗೆ ನಡೆದ 29 ಪಂದ್ಯಗಳನ್ನೂ ಅದು ಗೆದ್ದಿತು. ಆಸ್ಟ್ರೇಲಿಯದ ಬಾಥರ್ಸ್ಟ್ ಪಂದ್ಯವನ್ನು 1991 ಮತ್ತು 1992ರಲ್ಲಿ ಗೆದ್ದಾಗ ಅಲ್ಲಿನ ಪ್ರೇಕ್ಷಕರಿಗೆ ಕಸಿವಿಸಿಯಾಯಿತು. ತಮ್ಮ ದೊಡ್ಡ ವಿ8 ಕಾರುಗಳನ್ನು ಪರದೇಶದ ಕಾರೊಂದು ಸೋಲಿಸುವುದನ್ನು ಅವರು ಸಹಿಸಲಿಲ್ಲ. 'ಗಾಡ್ಜಿಲ್ಲಾ' ಎಂಬ ಅಡ್ಡಹೆಸರು ಇಟ್ಟದ್ದೂ ಆಸ್ಟ್ರೇಲಿಯದ ಪತ್ರಿಕೆಯೇ.

ನಿಸ್ಸಾನ್ ಈ ಕಾರನ್ನು ಅಮೆರಿಕದಲ್ಲಿ ಮಾರಲಿಲ್ಲ. ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಜಪಾನಿನಲ್ಲಿ 1992ರಲ್ಲೇ ಬಂದರೂ ಅಮೆರಿಕ ತಲುಪಿದ್ದು 2003ರಲ್ಲಿ. ಹೋಂಡಾ ಸಿವಿಕ್‌ನ 1997ರ ಟೈಪ್ ಆರ್ ಅತ್ತ ಹೋಗಲೇ ಇಲ್ಲ. ಆದರೆ ಇವೆಲ್ಲ ಜಪಾನಿನ ಹಳೆ ಕಾರು ಪೇಟೆಯಲ್ಲಿ ಕೆಲವೇ ವರ್ಷಗಳಲ್ಲಿ ಅಗ್ಗಕ್ಕೆ ಸಿಗತೊಡಗಿದವು.

ಜಪಾನಿನಲ್ಲಿ ಹಳೆ ಕಾರು ಇಟ್ಟುಕೊಳ್ಳುವುದೇ ಕಾನೂನುಬಾಹಿರ ಎಂಬ ಮಾತು ಹೊರಗೆ ಚಾಲ್ತಿಯಲ್ಲಿದೆ. ಅದು ನಿಜವಲ್ಲ. ಅಲ್ಲಿ 'ಷಾಕೆನ್' ಎಂಬ ಕಡ್ಡಾಯ ತಪಾಸಣೆ ಇದೆ. ಹೊಸ ಕಾರಿಗೆ ಮೂರು ವರ್ಷದ ನಂತರ, ಆಮೇಲೆ ಎರಡು ವರ್ಷಕ್ಕೊಮ್ಮೆ. ಹತ್ತು ವರ್ಷ ಮೀರಿದ ಕಾರಿಗೆ ಪ್ರತಿವರ್ಷ ತಪಾಸಣೆ ಎಂಬ ನಿಯಮವೂ ಇತ್ತು. 1995ರಲ್ಲಿ ಅದನ್ನು ಕೈಬಿಟ್ಟರು. ತಪಾಸಣೆಯ ಶುಲ್ಕ, ತೂಕದ ತೆರಿಗೆ, ಕಡ್ಡಾಯ ವಿಮೆ, ಗ್ಯಾರೇಜು ಹೇಳುವ ರಿಪೇರಿ ಎಲ್ಲವೂ ಒಂದೇ ಸಲ ಬಂದು ಬೀಳುತ್ತವೆ. ಪೆಟ್ರೋಲ್ ಕಾರಿಗೆ 13 ವರ್ಷ ದಾಟಿದರೆ ತೆರಿಗೆಯೂ ಏರುತ್ತದೆ. ಊರಿನಲ್ಲಿ ಕಾರು ನಿಲ್ಲಿಸಲು ಜಾಗವಿದೆ ಎಂಬ ಪ್ರಮಾಣಪತ್ರ ಬೇರೆ ಬೇಕು. ಇಷ್ಟೆಲ್ಲ ಖರ್ಚು ಮಾಡುವ ಬದಲು ಹೊಸದೇ ಮೇಲು ಎಂದು ಲೆಕ್ಕ ಹಾಕುವ ಮಧ್ಯಮ ವರ್ಗದ ಜಪಾನಿ ಕಾರನ್ನು ಸುಸ್ಥಿತಿಯಲ್ಲಿರುವಾಗಲೇ ಮಾರಿಬಿಡುತ್ತಾನೆ.

ಮಾರಿದ ಕಾರು ಹೋಗುವುದು ಹರಾಜಿಗೆ. 1980ರಲ್ಲಿ ಶುರುವಾದ ಯು.ಎಸ್.ಎಸ್. ಇಂಥ ಹರಾಜು ಸಂಸ್ಥೆಗಳಲ್ಲಿ ದೊಡ್ಡದು. ಅಲ್ಲಿ ಕೂಗಾಟವಿಲ್ಲ, ವ್ಯಾಪಾರಿಗಳು ಸಾಲಾಗಿ ಕೂತು ಗುಂಡಿ ಒತ್ತುತ್ತಾರೆ. ಒಂದೊಂದು ಕಾರಿನ ಹಣೆಬರಹ ನಿಮಿಷದೊಳಗೆ ತೀರ್ಮಾನವಾಗುತ್ತದೆ. ಪ್ರತಿಯೊಂದು ಕಾರಿಗೂ ತಪಾಸಕನು ಬರೆದ ಒಂದು ಹಾಳೆ ಇರುತ್ತದೆ. ಅದರಲ್ಲಿ ಒಟ್ಟು ದರ್ಜೆ, ಓಡಿದ ದೂರ ಮತ್ತು ಕಾರಿನ ರೇಖಾಚಿತ್ರ. ಚಿತ್ರದ ಮೇಲೆ ಎಲ್ಲಿ ಗೀರಿದೆಯೋ ಅಲ್ಲಿ 'ಎ', ಎಲ್ಲಿ ತಗ್ಗಿದೆಯೋ ಅಲ್ಲಿ 'ಯು', ಎಲ್ಲಿ ಬಡಿದು ಸರಿಮಾಡಿದ್ದಾರೋ ಅಲ್ಲಿ 'ಡಬ್ಲ್ಯು'. ಅಪಘಾತದಲ್ಲಿ ಚೌಕಟ್ಟಿಗೆ ಪೆಟ್ಟಾಗಿ ರಿಪೇರಿಯಾಗಿದ್ದರೆ 'ಆರ್' ಎಂಬ ದರ್ಜೆ. ಕಾರನ್ನು ಕಣ್ಣಾರೆ ಕಾಣದೆ ಸಾವಿರಾರು ಮೈಲಿ ದೂರದಿಂದ ಕೊಳ್ಳುವವನಿಗೆ ಈ ಹಾಳೆಯೇ ಜಾತಕ.

ಈ ಕಾರುಗಳಿಗೆ ಮೊದಲು ಗಿರಾಕಿಗಳಾದವರು ಅಮೆರಿಕನ್ನರಲ್ಲ. ಜಪಾನಿನಂತೆ ರಸ್ತೆಯ ಎಡಬದಿಯಲ್ಲಿ ಓಡಿಸುವ ನ್ಯೂಜಿಲೆಂಡ್, ಶ್ರೀಲಂಕಾ, ಪಾಕಿಸ್ತಾನ, ಕೆನ್ಯಾ, ತಾಂಜಾನಿಯಗಳಿಗೆ ಬಲಗಡೆ ಸ್ಟೀರಿಂಗಿನ ಕಾರು ಹೇಳಿಮಾಡಿಸಿದಂತಿತ್ತು. ನ್ಯೂಜಿಲೆಂಡ್ ಆಮದಿನ ಬಿಗಿಯನ್ನು 1980ರ ದಶಕದ ಕೊನೆಯಲ್ಲಿ ಸಡಿಲಿಸಿ, 1998ರಲ್ಲಿ ಸುಂಕವನ್ನೇ ರದ್ದುಮಾಡಿತು. ಆ ವರ್ಷವೇ ಅಲ್ಲಿನ ಕಾರು ಜೋಡಣೆ ಕಾರ್ಖಾನೆಗಳೂ ಮುಚ್ಚಿದವು. ಅಮೆರಿಕದ ಡೀಲರುಗಳು ಹೆದರಿದ್ದು ಸುಮ್ಮನೆ ಅಲ್ಲ ಎನ್ನುವವರಿಗೆ ಇದೊಂದು ಸಾಕ್ಷಿ. ಕೆನಡಾ ಮಾತ್ರ ಮಧ್ಯದ ದಾರಿ ಹಿಡಿದು 15 ವರ್ಷದ ಗಡಿ ಹಾಕಿಕೊಂಡಿತು. ಹಾಗಾಗಿ 2004ರ ಹೊತ್ತಿಗೆ ವ್ಯಾಂಕೂವರಿನ ಬೀದಿಗಳಲ್ಲಿ ಆರ್32 ಓಡಾಡುತ್ತಿದ್ದರೆ, ಗಡಿಯ ಈಚೆ ಸಿಯಾಟಲ್‌ನವನು ಇನ್ನೂ ಹತ್ತು ವರ್ಷ ಎಣಿಸಬೇಕಿತ್ತು.

ಕೈಸುಟ್ಟುಕೊಂಡವರು

ಎಣಿಸುತ್ತ ಕೂರಲು ಎಲ್ಲರಿಗೂ ತಾಳ್ಮೆ ಎಲ್ಲಿಂದ ಬರಬೇಕು? 1997ರ ಕೊನೆಯಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಬಿಡುಗಡೆಯಾದ 'ಗ್ರ್ಯಾನ್ ಟುರಿಸ್ಮೊ' ವಿಡಿಯೊ ಆಟ ಸ್ಕೈಲೈನ್ ಕಾರನ್ನು ಮನೆಮನೆಗೆ ತಂದಿತ್ತು. ಕ್ಯಾಲಿಫೋರ್ನಿಯದ ಮೋಟೊರೆಕ್ಸ್ ಎಂಬ ಸಂಸ್ಥೆ ಕಾನೂನಿನ ಕಷ್ಟದ ದಾರಿಯನ್ನೇ ಹಿಡಿಯಿತು. ಆರ್33 ಮಾದರಿಯ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿ, ವರದಿ ಒಪ್ಪಿಸಿ, 1990ರಿಂದ 1999ರವರೆಗಿನ ಸ್ಕೈಲೈನ್‌ಗಳನ್ನು ತರಲು ಅರ್ಹತೆ ಪಡೆಯಿತು. 2001ರ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಚಿತ್ರದಲ್ಲಿ ಕಾಣುವ ಹಳದಿ ಆರ್33 ಕೂಡ ಅವರದೇ.

ಪರೀಕ್ಷೆಯಾದದ್ದು ಆರ್33, ಅದನ್ನು ತೋರಿಸಿ ಆರ್32, ಆರ್34ಗಳಿಗೂ ಒಪ್ಪಿಗೆ ಪಡೆಯಲಾಗಿತ್ತು. ಮೂರರ ಕಟ್ಟಡ ಒಂದೇ ಅಲ್ಲ ಎಂಬುದು ಅಧಿಕಾರಿಗಳಿಗೆ ತಡವಾಗಿ ಅರಿವಾಯಿತು. ಹಲವು ಕಾರುಗಳಲ್ಲಿ ಆಗಬೇಕಿದ್ದ ಮಾರ್ಪಾಡು ಆಗಿಲ್ಲವೆಂದೂ ಗೊತ್ತಾಯಿತು. 2005ರ ಸುಮಾರಿಗೆ ಸಂಸ್ಥೆಯ ವ್ಯವಹಾರ ನಿಂತಿತು. ಬಳಿಕ ಸರ್ಕಾರ ತನ್ನ ಒಪ್ಪಿಗೆಯನ್ನು 1996ರ ಜನವರಿಯಿಂದ 1998ರ ಜೂನ್‌ವರೆಗಿನ ಆರ್33ಗಳಿಗಷ್ಟೇ ಮೊಟಕುಗೊಳಿಸಿತು. ಮುಂಗಡ ಕೊಟ್ಟು ಕಾದವರು ಕೈಸುಟ್ಟುಕೊಂಡರು.

ಇನ್ನು ಕೆಲವರು ಕಾರನ್ನು ಬಿಚ್ಚಿ, ಎಂಜಿನ್ನು ಒಂದು ಹಡಗಿನಲ್ಲಿ, ಮೈಕಟ್ಟು ಇನ್ನೊಂದರಲ್ಲಿ ತರಿಸಿ, 'ಮನೆಯಲ್ಲಿ ಜೋಡಿಸಿದ ಕಾರು' ಎಂದು ನೋಂದಾಯಿಸಿದರು. ಬಿಡಿಭಾಗಗಳಾಗಿ ಬಂದರೂ ಕಾರು ಕಾರೇ ಎಂದಿತು ಸರ್ಕಾರ. 2009ರ 'ಫಾಸ್ಟ್ ಅಂಡ್ ಫ್ಯೂರಿಯಸ್' ಚಿತ್ರದಲ್ಲಿ ನಟ ಪಾಲ್ ವಾಕರ್ ಓಡಿಸಿದ ನೀಲಿ ಆರ್34 ಇಂಥದ್ದೇ ದಾರಿಯಲ್ಲಿ ಬಂದದ್ದು. ಸರ್ಕಾರ ಅದನ್ನು ವಶಪಡಿಸಿಕೊಂಡಿತು. ಕೊನೆಗೆ ಕಾರು ದೇಶ ಬಿಟ್ಟು ಜರ್ಮನಿ ಸೇರಿತು. 2023ರಲ್ಲಿ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 13 ಲಕ್ಷ 57 ಸಾವಿರ ಡಾಲರ್.

ಎಲ್ಲ ಕಾರಿಗೂ ಈ ಅದೃಷ್ಟವಿರಲಿಲ್ಲ. 2013ರಲ್ಲಿ ಕಸ್ಟಮ್ಸ್ ಇಲಾಖೆ ಹುಟ್ಟಿದ ವರ್ಷವನ್ನು ಮರೆಮಾಚಿ ತಂದಿದ್ದ ಲ್ಯಾಂಡ್ ರೋವರ್ ಡಿಫೆಂಡರ್ ಒಂದನ್ನು ಯಂತ್ರದ ದವಡೆಗೆ ಕೊಟ್ಟು ಜಜ್ಜಿಸಿ, ಅದರ ಚಿತ್ರವನ್ನೂ ಬಿಡುಗಡೆ ಮಾಡಿತು. ಉಳಿದವರಿಗೆ ಪಾಠವಾಗಲಿ ಎಂದು. ಮಾರಿದವನು ಹಣ ಎಣಿಸಿಕೊಂಡು ಹೋಗಿರುತ್ತಾನೆ, ವಯಸ್ಸಿನ ಸುಳ್ಳು ಹೊರಬಿದ್ದಾಗ ಕಾರು ಕಳೆದುಕೊಳ್ಳುವವನು ಕೊಂಡವನು. ಅವನಿಗೆ ಆ ಸುಳ್ಳು ಗೊತ್ತೇ ಇಲ್ಲದಿರಬಹುದು.

ತಿಂಗಳು ಎಣಿಸುವ ಲೆಕ್ಕ

2014ರ ಆಗಸ್ಟಿನಲ್ಲಿ ಮೊದಲ ಆರ್32 ಕಾರುಗಳಿಗೆ 25 ತುಂಬಿತು. 2020ರ ಜನವರಿಯಲ್ಲಿ ಆರ್33ರ ಸರದಿ. ಇಲ್ಲೊಂದು ಸೂಕ್ಷ್ಮವಿದೆ. ಕಾನೂನು ನೋಡುವುದು ಮಾದರಿಯ ವರ್ಷವನ್ನಲ್ಲ, ಆ ಒಂದು ಕಾರು ಕಾರ್ಖಾನೆಯಲ್ಲಿ ತಯಾರಾದ ತಿಂಗಳನ್ನು. ಒಂದೇ ರೂಪದ ಎರಡು ಕಾರುಗಳಲ್ಲಿ ಮಾರ್ಚಿನದು ಬಂದರಿನಿಂದ ಹೊರಗೆ, ಜೂನಿನದು ಒಳಗೆ. ಮಾಲೀಕರು ಚಾಸಿ ನಂಬರು ಹಿಡಿದು ಹುಟ್ಟಿದ ತಿಂಗಳನ್ನು ಹುಡುಕುತ್ತಾರೆ.

ವಯಸ್ಸು ತುಂಬಿದ ಕಾರಿಗೆ ಕೆಲಸ ಸುಲಭ. ಜಪಾನಿನಲ್ಲಿ ನೋಂದಣಿ ರದ್ದುಮಾಡಿಸಿದ ಪತ್ರ ಬೇಕು. ಅಮೆರಿಕದಲ್ಲಿ ಸುರಕ್ಷತೆಗೆ ಒಂದು ಘೋಷಣಾ ಪತ್ರ, ಮಾಲಿನ್ಯಕ್ಕೆ ಇನ್ನೊಂದು. ಮಾಲಿನ್ಯದ ನಿಯಮದಲ್ಲಿ ವಿನಾಯಿತಿಗೆ 21 ವರ್ಷ ಸಾಕು, ಆದರೆ ಎಂಜಿನ್ ಮೂಲ ಸ್ವರೂಪದಲ್ಲೇ ಇರಬೇಕು. ಕಾರಿನ ತಳಕ್ಕೆ ಪರದೇಶದ ಮಣ್ಣು ಅಂಟಿದ್ದರೆ ಕೃಷಿ ತಪಾಸಕರು ತಡೆಯುತ್ತಾರೆ. ಆದ್ದರಿಂದ ಹಡಗು ಹತ್ತುವ ಮೊದಲು ತಳ ತೊಳೆಸಬೇಕು. ಬಂದರು ದಾಟಿದ ಮೇಲೆ ರಾಜ್ಯಗಳ ಕಾಟ. ಕ್ಯಾಲಿಫೋರ್ನಿಯ ತನ್ನದೇ ಪ್ರಯೋಗಾಲಯ ಪರೀಕ್ಷೆ ಕೇಳುತ್ತದೆ, ಅದಕ್ಕೆ ತಗಲುವ ಹಣ ಕೆಲವೊಮ್ಮೆ ಎದೆ ನಡುಗಿಸುವಂಥದ್ದು. 2021ರಲ್ಲಿ ಮೇನ್ ರಾಜ್ಯ ಜಪಾನಿನ 660 ಸಿಸಿಯ ಪುಟ್ಟ ವಾಹನಗಳನ್ನು ರಸ್ತೆಗೆ ಬಿಡುವುದಿಲ್ಲವೆಂದಿತು. ಕೇಂದ್ರ ಕೊಟ್ಟ ವರವನ್ನು ರಾಜ್ಯ ಕಿತ್ತುಕೊಂಡಂತಾಯಿತು.

ಇತ್ತ ಜಪಾನಿನಲ್ಲಿ ಬೇರೆಯದೇ ಕಳವಳ. ಒಂದು ಕಾಲಕ್ಕೆ ಯಾರಿಗೂ ಬೇಡವಾಗಿ ಹರಾಜಿನಲ್ಲಿ ಬಿದ್ದಿದ್ದ ಆರ್32ರ ಬೆಲೆ, ಅಮೆರಿಕದ ಗಡಿಯಾರ 25ರ ಹತ್ತಿರ ಬಂದಂತೆಲ್ಲ ಏರಿತು. 25 ವರ್ಷ ಅದನ್ನು ಜತನದಿಂದ ನೋಡಿಕೊಂಡ ಜಪಾನಿ ಹವ್ಯಾಸಿಗೆ ಎರಡನೆಯದೊಂದು ಕೊಳ್ಳಲು ಕೈಗೆಟುಕದಂತಾಯಿತು. ಒಳ್ಳೆಯ ಕಾರುಗಳು ಒಂದೊಂದಾಗಿ ಹಡಗು ಹತ್ತಿದವು. ನಿಸ್ಸಾನ್ ಕೂಡ 2017ರ ಕೊನೆಯಲ್ಲಿ ಆರ್32ರ ನಿಂತುಹೋಗಿದ್ದ ಬಿಡಿಭಾಗಗಳನ್ನು ಮತ್ತೆ ತಯಾರಿಸತೊಡಗಿತು. ಸುಮಾರು 44 ಸಾವಿರ ಆರ್32 ತಯಾರಾಗಿದ್ದವು. ಆರ್34 ಹನ್ನೆರಡು ಸಾವಿರವನ್ನೂ ಮುಟ್ಟಿರಲಿಲ್ಲ.

ಹೀಗಾಗಿ ಆರ್34ರ ವಿಷಯದಲ್ಲಿ ವ್ಯಾಪಾರಿಗಳು ಕಾಯುವುದನ್ನೇ ಬಿಟ್ಟಿದ್ದಾರೆ. ವಯಸ್ಸು ತುಂಬುವ ಮೊದಲೇ ಕಾರು ಕೊಂಡು, ಜಪಾನಿನ ಗೋದಾಮುಗಳಲ್ಲಿ ಬ್ಯಾಟರಿ ಕಳಚಿ, ಹೊದಿಕೆ ಹೊದಿಸಿ ನಿಲ್ಲಿಸುತ್ತಾರೆ. ಗೋದಾಮಿನ ಬಾಡಿಗೆ ಅಮೆರಿಕದ ಮಾಲೀಕನದು. ಆರ್34ರ ತಯಾರಿಕೆ ನಿಂತದ್ದು 2002ರ ಆಗಸ್ಟಿನಲ್ಲಿ. ಕೊನೆಯ ಕಾರುಗಳಿಗೆ 25 ತುಂಬುವುದು 2027ರ ಆಗಸ್ಟಿನಲ್ಲಿ.